ಅಮ್ಮ ಸಂತೋಷವಾಗಿರಲು ನಿರ್ಧರಿಸಿದಳು

ಅರವತ್ತು ವರ್ಷ ಯಾರಿಗೂ ತೊಂದರೆ ಕೊಡದೆ ಬದುಕಿದ ನಮ್ಮಮ್ಮ ಕಳೆದ ಜೂನ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಸಂತೋಷವಾಗಿರಲು ನಿರ್ಧರಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಮಿಕ್ಕ ಯಾರಿಗೂ ನೆಮ್ಮದಿ ಇಲ್ಲ!

ಉತ್ಪ್ರೇಕ್ಷೆ ಎನ್ನುತ್ತೀರಾ? ಹಾಗಾದರೆ ನಿಮ್ಮ ಮನೆಯಲ್ಲಿ ಇನ್ನೂ ಯಾರೂ ಇಂಥ ನಿರ್ಧಾರ ಮಾಡಿಲ್ಲ ಎಂದೇ ಅರ್ಥ. ಮಾಡುವ ಮೊದಲೇ ಗ್ಯಾಸ್ ಒಲೆ ಹಚ್ಚುವುದನ್ನು ಕಲಿತಿಟ್ಟುಕೊಳ್ಳಿ. ಅನುಭವಸ್ಥನ ಮಾತು.

ಸುಂಕದಕಟ್ಟೆಯ ಪ್ರಾಥಮಿಕ ಶಾಲೆಯೊಂದರಲ್ಲಿ ಅಮ್ಮ ಮೂವತ್ತನಾಲ್ಕು ವರ್ಷ ಟೀಚರಾಗಿದ್ದಳು. ಮೇ ಕೊನೆಗೆ ನಿವೃತ್ತಿಯಾಯಿತು. ಒಂದು ಶಾಲು, ಒಂದು ಬುಟ್ಟಿ ಹಣ್ಣು, ಬಳಸದೆ ಉಳಿದಿದ್ದ ಒಂದು ಪಾಠಯೋಜನೆಯ ಪುಸ್ತಕ, ಇಷ್ಟನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ವಿಜಯನಗರದ ನಮ್ಮ ಮನೆ ಮುಂದೆ ಬಂದಿಳಿದಳು. ಶಾಲು ಬೀರುವಿಗೆ ಹೋಯಿತು. ಹಣ್ಣು ನಮ್ಮ ಹೊಟ್ಟೆಗೆ ಹೋಯಿತು. ಪುಸ್ತಕದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತಪ್ಪಾಗಿದ್ದು ಅಲ್ಲೇ!

ಪಾಠಯೋಜನೆ ಎಂದರೇನು ಎನ್ನುವುದು ಟೀಚರುಗಳ ಮನೆಯವರಿಗೆ ಗೊತ್ತು. ಈ ತಿಂಗಳ ಘಟಕ ಯಾವುದು, ಅದರ ಉದ್ದೇಶವೇನು, ಮಾಡಬೇಕಾದ ಚಟುವಟಿಕೆ ಏನು ಎಂದು ಗೆರೆ ಎಳೆದು ಬರೆದು ಹೆಡ್‌ಮೇಷ್ಟ್ರ ಸಹಿ ಹಾಕಿಸುವ ಪುಸ್ತಕ. ಶಾಲೆಗಳು ತೆರೆಯುವ ದಿನ ಬೆಳಗ್ಗೆ, ಹೋಗಲು ಶಾಲೆಯಿಲ್ಲದ ಅಮ್ಮ ಊಟದ ಮೇಜಿನ ಮೇಲೆ ಅದನ್ನು ಬಿಡಿಸಿಕೊಂಡು, ಸ್ಕೇಲು ಹಿಡಿದು ಕೂತಿದ್ದಳು.

"ಏನೇ ಅದು?" ಎಂದು ಅಪ್ಪ ಕೇಳಿದರು.

"ಮೂವತ್ತೆಂಟು ವರ್ಷ ಈ ಮನೆ ನಡೆಸಿದೀನಿ. ಒಂದಿನಾನೂ ಇದರೊಳಗೆ ಆರಾಮಾಗಿ ಇದ್ದಿದ್ದಿಲ್ಲ. ಇನ್ಮೇಲೆ ತಿಂಗಳಿಗೊಂದು ವಿಷಯ ಕಲೀತೀನಿ."

"ಏನ್ ಕಲೀತೀಯಾ?"

"ನಿಮ್ಮಗಳ ಜೊತೆ ಖುಷಿಯಾಗಿರೋದು."

ಅಪ್ಪ ನನ್ನ ಮುಖ ನೋಡಿದರು. ನಾನು ಹೆಂಡತಿಯ ಮುಖ ನೋಡಿದೆ. ಸಿಲಬಸ್ ಇಟ್ಟುಕೊಂಡು ಅಭ್ಯಾಸ ಮಾಡಬೇಕಾದಷ್ಟು ಕಷ್ಟದ ಜನವೇ ನಾವು?

ಜೂನ್ ತಿಂಗಳ ಘಟಕ ಬಿಸಿ ದೋಸೆ. ಉದ್ದೇಶ: ಬಿಸಿ ದೋಸೆಯನ್ನು ಎಲ್ಲರೊಂದಿಗೆ ಕೂತು ತಿನ್ನುವುದು.

ಓದಿ ನಕ್ಕೆವು. ಭಾನುವಾರ ಬಂತು. ಅಪ್ಪ, ನಾನು, ಹೆಂಡತಿ, ಮಗಳು, ನಾಲ್ವರೂ ಎಂದಿನಂತೆ ತಟ್ಟೆ ಮುಂದೆ ಕೂತೆವು. ಅಮ್ಮನೂ ಬಂದು ಕೂತಳು! ನಮ್ಮ ಮೇಜಿಗೆ ಐದು ಕುರ್ಚಿ ಇದ್ದದ್ದು ಯಾಕೆಂದು ನನಗೆ ಅವತ್ತು ಗೊತ್ತಾಯಿತು. ಐದನೆಯದರ ಮೇಲೆ ಹಳೇ ಪೇಪರ್ ಇಡುತ್ತಿದ್ದೆವು. ಅಮ್ಮ ಪೇಪರನ್ನು ಕೆಳಗಿಟ್ಟು, ಕೈ ತೊಳೆದುಕೊಂಡು ಬಂದು, "ಹಿಟ್ಟು ರುಬ್ಬಿಟ್ಟಿದೀನಿ. ಒಂದು ದೋಸೆ, ಬಿಸಿಬಿಸಿ," ಎಂದಳು. ಯಾರಿಗೆ ಹೇಳಿದಳು? ಎಲ್ಲರೂ ನನ್ನ ಹೆಂಡತಿಯ ಕಡೆ ತಿರುಗಿದೆವು. ಅವಳು ಅತ್ತೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ನನಗೂ ಒಂದು," ಎಂದಳು.

ಉಳಿದವರು ನಾನು ಮತ್ತು ಅಪ್ಪ. ಅಪ್ಪ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಮೂವತ್ತು ವರ್ಷ ಲೇತ್ ಮಷೀನ್ ನಡೆಸಿದವರು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇಲ್ಲದೆ ಕಬ್ಬಿಣವನ್ನು ದುಂಡಗೆ ಕಡೆದವರು. ಅಂಥವರ ಕೈಯಲ್ಲಿ ದೋಸೆಯೊಂದು ದುಂಡಗಾಗಲಿಲ್ಲ ನೋಡಿ! ಮೊದಲನೆಯದು ಕಾವಲಿಯನ್ನು ಬಿಟ್ಟು ಬರಲೇ ಇಲ್ಲ. ಎರಡನೆಯದು ವಾರ್ಡ್ ನಕ್ಷೆಯ ಹಾಗೆ ಮೂಲೆಮೂಲೆಗೆ ಚಾಚಿಕೊಂಡಿತು. ಅದನ್ನೇ ಇಬ್ಬರೂ ಸೇರಿ, ಗಾಯಾಳುವನ್ನು ಸ್ಟ್ರೆಚರ್‌ನಲ್ಲಿ ತರುವವರ ಹಾಗೆ, ತಂದು ಅಮ್ಮನ ತಟ್ಟೆಗೆ ಇಳಿಸಿದೆವು.

ಅಮ್ಮ ಅಂಚು ಮುರಿದು ಬಾಯಿಗಿಟ್ಟಳು. ಕಣ್ಣು ಮುಚ್ಚಿ ಅಗಿದಳು. ನಾವು ಫಲಿತಾಂಶಕ್ಕೆ ಕಾಯುವ ಹುಡುಗರಂತೆ ನಿಂತಿದ್ದೆವು.

"ಬಿಸಿ ಇದ್ರೆ ದೋಸೆ ಗರಿಗರಿ ಇರತ್ತೆ ಅಂತ ಇಷ್ಟು ವರ್ಷ ನೀವೆಲ್ಲ ಹೇಳ್ತಿದ್ರಲ್ಲ," ಎಂದಳು. "ನಿಜ ಕಣ್ರೋ!"

ಅಪ್ಪ ಒಳಗೆ ಹೋಗಿ ಇನ್ನೊಂದು ಹುಯ್ದರು.

ಜುಲೈ ತಿಂಗಳ ಉದ್ದೇಶ ಇನ್ನೂ ಭಯಂಕರ: 'ಎಲ್ಲಿದೆ' ಎನ್ನುವ ಪ್ರಶ್ನೆಗೆ ಉತ್ತರಿಸದೆ ಬೆಳಗಿನ ಕಾಫಿ ಪೂರ್ತಿ ಕುಡಿಯುವುದು. ನಮ್ಮ ಮನೆಯಲ್ಲಿ ವಸ್ತುಗಳು ಇರುವುದು ಬೀರುವಿನಲ್ಲಲ್ಲ, ಅಮ್ಮನ ಬಾಯಲ್ಲಿ. "ಮಫ್ಲರ್ ಎಲ್ಲೇ?" ಎಂದು ಅಪ್ಪ ಕೂಗಿದರು. ಅಮ್ಮ ಕಾಫಿ ಹೀರಿದಳು. "ಅಮ್ಮಾ, ಬೆಲ್ಟ್ ಎಲ್ಲಿ?" ಎಂದು ನಾನು ಕೂಗಿದೆ. ಇನ್ನೊಂದು ಗುಟುಕು. ನಾನು ಅವತ್ತು ಮೆಟ್ರೋದಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಕೆಂಗೇರಿ ತಲುಪಿದೆ. ಅಲ್ಲಿನ ಒಂದು ಕಾಲೇಜಿನಲ್ಲಿ ನಾನು ಕಾಮರ್ಸ್ ಲೆಕ್ಚರರ್. ಲೆಕ್ಚರರ್ ಎನ್ನುವವನಿಗೆ ಬೋರ್ಡಿನ ಮೇಲೆ ಬರೆಯಲಿಕ್ಕೆ ಒಂದಾದರೂ ಕೈ ಬೇಕು ಎನ್ನುವುದನ್ನು ನೀವು ಮರೆಯಬಾರದು!

ಪರಿಹಾರ ಹುಡುಕಿದ್ದು ನನ್ನ ಒಂಬತ್ತು ವರ್ಷದ ಮಗಳು. "ಅಪ್ಪಾ, ಅಜ್ಜಿ ಬಾಯಿ ಬಿಡಲ್ಲ. ಆದ್ರೆ ನೀವು ಕೇಳಿದ ತಕ್ಷಣ ಅಜ್ಜಿ ಕಣ್ಣು ಆ ಕಡೆ ಹೋಗತ್ತೆ!" ಎಂದು ಕಿವಿಯಲ್ಲಿ ಉಸುರಿದಳು. ಪರೀಕ್ಷಿಸಿದೆವು. ಸತ್ಯ! ಮಫ್ಲರ್ ಎಂದರೆ ಕಣ್ಣು ಬಾಗಿಲ ಹಿಂದಕ್ಕೆ, ಬೆಲ್ಟ್ ಎಂದರೆ ಇಸ್ತ್ರಿ ಬಟ್ಟೆಯ ಗಂಟಿಗೆ. ಎರಡು ದಿನ ಸುಖವಾಗಿ ಕಳೆದವು. ಮೂರನೇ ದಿನ ಎದ್ದು ಬಂದು ನೋಡುತ್ತೇನೆ, ಅಪ್ಪನಿಗೆ ಕಣ್ಣಿನ ಪೊರೆ ತೆಗೆದಾಗ ಕೊಟ್ಟಿದ್ದ ಕರೀ ಕನ್ನಡಕ ಹಾಕಿಕೊಂಡು ಅಮ್ಮ ಕಾಫಿ ಕುಡಿಯುತ್ತಿದ್ದಾಳೆ!

ಆಗಸ್ಟ್ ತಿಂಗಳದ್ದು ಜಗಳ. ಹೌದು, ಜಗಳವೇ. "ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಬಾಯಿಬಿಟ್ಟು ಜಗಳವಾಡುವುದು" ಎಂದು ದುಂಡಕ್ಷರದಲ್ಲಿ ಬರೆದಿತ್ತು. ಅಮ್ಮನ ಕೋಪ ಅಲ್ಲಿಯವರೆಗೆ ಪಾತ್ರೆಗಳ ಮೂಲಕ ಬರುತ್ತಿತ್ತು. ಚಮಚದ ಸದ್ದಾದರೆ ಸಣ್ಣ ಕೋಪ, ಬಾಣಲೆಯ ಸದ್ದಾದರೆ ಮನೆ ಬಿಟ್ಟು ಹೊರಗೆ ಹೋಗುವುದು ಕ್ಷೇಮ. ಬಾಯಿ ಮಾತ್ರ ಮುಚ್ಚಿರುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಎರಡು ಕುರ್ಚಿ ಎದುರುಬದುರು ಹಾಕಿ, "ರೀ, ಬನ್ನಿ ಕೂತ್ಕೊಳ್ಳಿ. ಜಗಳ ಆಡ್ಬೇಕು," ಎಂದಳು.

ಅಪ್ಪ ಬೆಚ್ಚಿಬಿದ್ದರು. "ಯಾಕೆ? ನಾನೇನ್ ಮಾಡ್ದೆ?"

"ಈಗ ಏನೂ ಮಾಡಿಲ್ಲ. ಮದುವೆಯಾಗಿ ನಾಲ್ಕನೇ ವರ್ಷ ಮಾಡಿದ್ದು."

ಅಪ್ಪ ಕೂತರು. ಬೇರೆ ದಾರಿ ಏನಿತ್ತು?

"ನಾನು ಆಗ ಕೆಲಸಕ್ಕೆ ಸೇರಿ ವರ್ಷ ಆಗಿರ್ಲಿಲ್ಲ. ಮಕ್ಕಳನ್ನ ಹಂಪಿಗೆ ಕರ್ಕೊಂಡು ಹೋಗೋಕೆ ಟೀಚರ್ ಬೇಕು ಅಂದ್ರು. ಮೂರೇ ದಿನ. ನಾನು ಹೂಂ ಅಂದು ಬಂದಿದ್ದೆ. ನೀವು ಏನಂದ್ರಿ?"

"ಏನಂದೆ?"

"ಹೋಗು, ಬರೋವಷ್ಟರಲ್ಲಿ ಮಗು ನಿನ್ನ ಮುಖ ಮರೆತಿರತ್ತೆ ಅಂದ್ರಿ."

ಮಗು ಎಂದರೆ ನಾನು. ಪಕ್ಕದಲ್ಲೇ ಪೇಪರ್ ಓದುತ್ತಿದ್ದವನು ಮುಖ ಪೂರ್ತಿ ಮುಚ್ಚುವಂತೆ ಅದನ್ನು ಮೇಲೆತ್ತಿದೆ.

ಅಪ್ಪ ಕುರ್ಚಿಯ ಅಂಚಿಗೆ ಜರುಗಿದರು. "ನಾನು ಹಾಗಂದ್ನಾ?"

"ಅಂದ್ರಿ. ನಾನು ಹೋಗ್ಲಿಲ್ಲ."

"ಅಲ್ವೇ, ಆಗ್ಲೇ ಜಗಳ ಆಡ್ಬೇಕಿತ್ತು ತಾನೆ?"

"ಆಗ ಪುರುಸೊತ್ತಿರ್ಲಿಲ್ಲ ಕಣ್ರೀ!"

ಆಮೇಲೆ ಅರ್ಧ ಗಂಟೆ ಅಮ್ಮ ಬೈದಳು. ಎಂಥ ಬೈಗುಳ! ಮೂವತ್ತನಾಲ್ಕು ವರ್ಷ ಉಪ್ಪಿನಕಾಯಿಯ ಹಾಗೆ ನೆನೆದ ಮಾತುಗಳು. ಮೇಲಿನ ಮನೆಯ ಬಾಡಿಗೆಯಾಕೆ ಗಾಬರಿಯಿಂದ ಮೆಟ್ಟಿಲು ಇಳಿದು ಬಂದು, "ಆಂಟಿ, ಏನಾದ್ರೂ ತೊಂದ್ರೇನಾ?" ಎಂದರೆ, "ಇಲ್ಲಮ್ಮ, ಚೆನ್ನಾಗಿದೀವಿ. ಜಗಳ ಆಡ್ತಾ ಇದೀವಿ," ಎಂದು ನಗುತ್ತಾ ಕಳಿಸಿದಳು. ಕೊನೆಗೆ ಅಪ್ಪ ಎದ್ದು ಅಡುಗೆಮನೆಗೆ ಹೋದರು. ಹತ್ತು ನಿಮಿಷಕ್ಕೆ ಒಂದು ಲೋಟ ಕಾಫಿ ತಂದು ಅಮ್ಮನ ಮುಂದೆ ಹಿಡಿದರು. ಕ್ಷಮಾಪಣೆ ಎನ್ನುವುದು ಅಪ್ಪನಿಂದ ಆ ರೂಪದಲ್ಲಿ ಹೊರಬಂದಿತ್ತು.

ಅಮ್ಮ ಕುಡಿದು, "ಸಕ್ಕರೆ ಹಾಕಿಲ್ಲ," ಎಂದಳು.

"ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ."

ಇಷ್ಟೆಲ್ಲ ನೋಡಿದ ಮೇಲೆ ಇನ್ನು ನನಗೆ ಯಾವುದರಿಂದಲೂ ಆಘಾತವಾಗಲಾರದು ಎಂದುಕೊಂಡಿದ್ದೆ. ಸೆಪ್ಟೆಂಬರ್ ಒಂದರ ಬೆಳಗ್ಗೆ, ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಕುತೂಹಲಕ್ಕೆ ಬಗ್ಗಿ ನೋಡಿದೆ.

ಘಟಕ: ಮಗ. ಉದ್ದೇಶ: ಮಗನನ್ನು ಇಷ್ಟಪಡುವುದು.

ಮೂವತ್ತೇಳು ವರ್ಷದ ಮೇಲೆ! ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಅಮ್ಮ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ಅಮ್ಮಾ! ನಾನು ನಿಂಗೆ ಇಷ್ಟ ಇಲ್ವಾ?"

"ಪ್ರೀತಿ ಇದೆಯಲ್ಲೋ."

"ನಾನು ಕೇಳಿದ್ದು ಇಷ್ಟ."

"ಪ್ರೀತಿ ಹೆತ್ತ ದಿನಾನೇ ಬಂದ್ಬಿಡತ್ತೆ. ಅದಕ್ಕೆ ಏನೂ ಮಾಡ್ಬೇಕಾಗಿಲ್ಲ. ಇಷ್ಟ ಆಗ್ಬೇಕಾದ್ರೆ ಪರಿಚಯ ಆಗ್ಬೇಕಲ್ವಾ? ಬರ್ತೀಯ, ತಟ್ಟೆ ಮುಂದೆ ಕೂರ್ತೀಯ, ಫೋನ್ ನೋಡ್ತೀಯ, ರೂಮಿಗೆ ಹೋಗ್ತೀಯ. ಮೇಲಿನ ಮನೆಯೋಳು ನಂಗೆ ನಿನಗಿಂತ ಚೆನ್ನಾಗಿ ಗೊತ್ತು."

ಯಾರನ್ನಾದರೂ ಜೊತೆಗೆ ಮುಳುಗಿಸೋಣ ಎಂದು, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಯತ್ತ ಬೆರಳು ತೋರಿಸಿ, "ಇವಳದ್ದು ಯಾವ ತಿಂಗಳು?" ಎಂದೆ.

"ಅವಳಿಗ್ಯಾಕೆ ತಿಂಗಳು? ಅವಳು ಆಗ್ಲೇ ಇಷ್ಟ."

ನನ್ನ ಹೆಂಡತಿ ಅವತ್ತಿಡೀ ನಡೆದಾಡಿದ್ದು ನೆಲದಿಂದ ಒಂದಡಿ ಮೇಲೆ!

ಚಟುವಟಿಕೆಯ ಅಂಕಣದಲ್ಲಿ "ಮಗನ ಜೊತೆ ಕೆಂಗೇರಿಯವರೆಗೆ ಹೋಗಿ ಬರುವುದು" ಎಂದಿತ್ತು. ಮಾರನೇ ದಿನ ನಾನು ಶೂ ಹಾಕುವಷ್ಟರಲ್ಲಿ ಅಮ್ಮ ಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದೆವು. ಅಕ್ಕಪಕ್ಕ ಸೀಟೂ ಸಿಕ್ಕಿತು. "ಊಟದ ಡಬ್ಬಿ ತಗೊಂಡ್ಯಾ?" ಎಂದಳು. "ಹೂಂ," ಎಂದೆ. "ಮಂಡಿ ನೋವು ಹೇಗಿದೆ?" ಎಂದೆ. "ಪರವಾಗಿಲ್ಲ," ಎಂದಳು. "ಮಳೆ ಬರಬಹುದು," ಎಂದಳು. "ಬರಬಹುದು," ಎಂದೆ. ನಾಯಂಡಹಳ್ಳಿ ಬರುವಷ್ಟರಲ್ಲಿ ಮೂವತ್ತೇಳು ವರ್ಷದ ಮಾತು ಮುಗಿದುಹೋಗಿತ್ತು! ಉಳಿದ ದಾರಿಯುದ್ದಕ್ಕೂ ಇಬ್ಬರೂ ಕಿಟಕಿಯಿಂದ ವೃಷಭಾವತಿಯನ್ನು ಹುಡುಕಿ ಹುಡುಕಿ ನೋಡಿದೆವು. ಅದು ಹಾಗೆ ನೋಡುವಂಥ ನದಿಯೇನಲ್ಲ.

ಕೆಂಗೇರಿಯಲ್ಲಿ ನಾನು ಇಳಿದು ಹೊರಗೆ ಹೋಗುವುದು, ಅಮ್ಮ ಎದುರು ಪ್ಲಾಟ್‌ಫಾರ್ಮಿನಿಂದ ವಾಪಸಾಗುವುದು, ಹೀಗೇ ನಡೆಯಿತು. ಮೂರನೇ ದಿನದ ಹೊತ್ತಿಗೆ ನಾನು ಮೆಲ್ಲಗೆ ಇಯರ್‌ಫೋನ್ ಹೊರತೆಗೆದೆ. ಅಮ್ಮ ಏನೂ ಅನ್ನಲಿಲ್ಲ. ಒಂದನ್ನು ಎತ್ತಿ ತನ್ನ ಕಿವಿಗೆ ಸಿಕ್ಕಿಸಿಕೊಂಡಳು. ಷೇರು ಮಾರುಕಟ್ಟೆಯ ಬಗ್ಗೆ ಯಾರೋ ಮಾತಾಡುತ್ತಿದ್ದರು. ನಾಲ್ಕು ಸ್ಟೇಷನ್ ಶ್ರದ್ಧೆಯಿಂದ ಕೇಳಿ, "ಇದನ್ನ ಕೇಳಿ ಕೇಳಿ ನೀನು ಹೀಗಾಗಿದೀಯ," ಎಂದು ವಾಪಸು ಕೊಟ್ಟಳು.

ಎರಡನೇ ವಾರದ ಒಂದು ಬೆಳಗ್ಗೆ, ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದು ಬಾಯಿಂದ ಕೆಳಕ್ಕಿಳಿಸಿದಳು.

"ಜ್ಞಾನಭಾರತಿ ದಾಟಿದ ಮೇಲೆ ಉಗುರು ಕಚ್ಚೋಕೆ ಶುರು ಮಾಡ್ತೀಯ. ಅದಕ್ಕೆ ಮುಂಚೆ ಕಚ್ಚಲ್ಲ. ದಿನಾ ನೋಡ್ತಾ ಇದೀನಿ. ಯಾಕೋ?"

"ಏನಿಲ್ಲಮ್ಮ," ಎಂದೆ. ಅವಳು ಕೈ ಬಿಡಲಿಲ್ಲ. ಯಾರಿಗೂ ಹೇಳದ್ದನ್ನು, ಹೆಂಡತಿಗೂ ಹೇಳದ್ದನ್ನು, ಪಟ್ಟಣಗೆರೆ ಸ್ಟೇಷನ್ನಿನ ಹತ್ತಿರ ನಾನು ಅಮ್ಮನಿಗೆ ಹೇಳಿದೆ. ಹನ್ನೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಪಾಠ ಬಾಯಿಪಾಠ. ಆದರೂ ಪ್ರತಿದಿನ ಮೊದಲನೇ ಕ್ಲಾಸಿಗೆ ಹೋಗುವ ಮುಂಚೆ ಭಯವಾಗುತ್ತದೆ. ಅಷ್ಟು ಮುಖಗಳು ಒಟ್ಟಿಗೆ ನನ್ನತ್ತ ತಿರುಗುವ ಆ ಒಂದು ಕ್ಷಣ, ಬಾಗಿಲಿನಿಂದಲೇ ಓಡಿಹೋಗೋಣ ಎನಿಸುತ್ತದೆ.

ಟೀಚರ ಮಗ, ಅದರ ಮೇಲೆ ತಾನೇ ಮೇಷ್ಟ್ರು, ಇವನಿಗೆ ಕ್ಲಾಸೆಂದರೆ ಭಯವೇ ಎಂದು ಅಮ್ಮ ನಗುತ್ತಾಳೆ ಎಂದುಕೊಂಡೆ.

"ನಂಗೂ ಹಾಗೇ ಆಗ್ತಿತ್ತು ಕಣೋ," ಎಂದಳು.

"ನಿಂಗಾ?"

"ಕೊನೇ ದಿನದವರೆಗೂ. ಬಾಗಿಲ ಹೊರಗೆ ನಿಂತು ಸೆರಗು ಸರಿಮಾಡ್ಕೊಳೋ ಥರ ಮಾಡ್ತಿದ್ದೆ. ಭಯ ಮಕ್ಕಳಿಗೆ ಕಾಣಬಾರ್ದು ಅಂತ."

ಒಂದೇ ಅಡುಗೆಮನೆಯಿಂದ ಇಷ್ಟು ವರ್ಷ ಒಂದೇ ಭಯವನ್ನು ಇಬ್ಬರೂ ಬೇರೆ ಬೇರೆ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದೆವಲ್ಲ!

ಅವತ್ತು ಅಮ್ಮ ಎದುರು ಪ್ಲಾಟ್‌ಫಾರ್ಮಿಗೆ ಹೋಗಲಿಲ್ಲ. "ನಡಿ, ಗೇಟ್ ತನಕ ಬರ್ತೀನಿ," ಎಂದಳು.

"ಬೇಡಮ್ಮ, ಹುಡುಗರು ನೋಡ್ತಾರೆ."

"ನೋಡ್ಲಿ."

ಹತ್ತು ನಿಮಿಷದ ದಾರಿ. ಮಂಡಿ ನೋವಿನ ಅಮ್ಮನ ಜೊತೆ ಇಪ್ಪತ್ತಾಯಿತು. ಗೇಟಿನ ಹತ್ತಿರ ನನ್ನ ವಿದ್ಯಾರ್ಥಿಗಳಿಬ್ಬರು, "ಗುಡ್ ಮಾರ್ನಿಂಗ್ ಸಾರ್," ಎಂದು ದಾಟಿಹೋದರು. ಬೆನ್ನ ಹಿಂದೆ, "ಮಗಾ, ಸಾರ್‌ನ ಅವರಮ್ಮ ಬಿಡಕ್ಕೆ ಬಂದವ್ರೆ!" ಎನ್ನುವುದು ಸ್ಪಷ್ಟವಾಗಿ ಕೇಳಿಸಿತು. ಭೂಮಿ ಬಾಯಿಬಿಡಬಾರದೇ ಎಂದುಕೊಂಡೆ.

ಅಮ್ಮನಿಗೂ ಕೇಳಿಸಿತ್ತು. ನನ್ನ ಕಾಲರ್ ಸರಿಮಾಡುತ್ತಾ, "ನೀನು ಮೊದಲನೇ ದಿನ ಸ್ಕೂಲಿಗೆ ಹೋದಾಗ ನಿಮ್ಮಪ್ಪ ಬಿಟ್ಟು ಬಂದ್ರು," ಎಂದಳು. "ನಂಗೆ ರಜಾ ಸಿಗ್ಲಿಲ್ಲ. ನಮ್ಮ ಸ್ಕೂಲೂ ಅವತ್ತೇ ತೆಗೀತು. ಒಂದನೇ ಕ್ಲಾಸು ನಂದೇ. ಬಂದ ಮಕ್ಕಳೆಲ್ಲ ಅಳ್ತಿದ್ವು. ಸಾಯಂಕಾಲದವರೆಗೂ ಬೇರೆಯವರ ಮಕ್ಕಳನ್ನ ಎತ್ಕೊಂಡಿದ್ದೆ ಕಣೋ."

ಅಷ್ಟು ಹೇಳಿ, "ಹೋಗು, ಬೆಲ್ ಆಗತ್ತೆ," ಎಂದು ನನ್ನನ್ನು ಒಳಕ್ಕೆ ತಳ್ಳಿದಳು.

ಪಾಠ ಏನು ಮಾಡಿದೆನೋ ನನಗೆ ನೆನಪಿಲ್ಲ. ಮೊದಲನೇ ಪೀರಿಯಡ್ ಮುಗಿದ ಬೆಲ್ ಹೊಡೆದದ್ದೇ ಗೇಟಿನತ್ತ ಬಂದೆ. ಯಾಕೆ ಬಂದೆನೋ ಗೊತ್ತಿಲ್ಲ. ವಾಚ್‌ಮನ್ ಹಾಕಿಕೊಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಹೊಂಗೆಮರದ ಕೆಳಗೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮ ಕೂತಿದ್ದಳು.

"ಇನ್ನೂ ಹೋಗಿಲ್ವಾ?"

"ಮೊದಲನೇ ದಿನ ಹಾಗೇ ಬಿಟ್ಟು ಹೋಗೋಕಾಗತ್ತೇನೋ?" ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ, "ಅಳ್ಲಿಲ್ಲ ತಾನೆ?" ಎಂದು ಕೇಳಿದಳು.

"ಇಲ್ಲಮ್ಮ," ಎಂದೆ.

ಕ್ಲಾಸಿನಲ್ಲಿ ಅತ್ತಿರಲಿಲ್ಲ.