ಕೊನೆಯ ಬೆಂಚಿನ ಹೆಡ್ ಮಾಸ್ತರು

ನಮ್ಮ ಹೆಡ್ ಮಾಸ್ತರರಂಥ ದಡ್ಡ ವಿದ್ಯಾರ್ಥಿ ಶಹಾಪುರ, ಸುರಪುರ ಎರಡೂ ತಾಲೂಕು ಜಾಲಾಡಿದರೂ ಸಿಗುವುದಿಲ್ಲ. ವಿದ್ಯಾರ್ಥಿ ಎಂದೇ ಬರೆದೆ, ಕೈತಪ್ಪಲ್ಲ! ಗೋಗಿ ಹತ್ತಿರದ ನಮ್ಮ ಶಾಲೆಯಲ್ಲಿ ಅವರ ಕುರ್ಚಿಯಲ್ಲಿ ಬೆಕ್ಕು ಮಲಗಿರುತ್ತಿತ್ತು. ಅವರು ನಾನು ಪಾಠ ಮಾಡುವ ಆರನೇ ತರಗತಿಯ ಕೊನೆಯ ಬೆಂಚಿನಲ್ಲಿ, ಶಬಾನಾಳ ಪಕ್ಕದಲ್ಲಿ, ಮೊಣಕಾಲು ಮಡಚಿ ಕೂತಿರುತ್ತಿದ್ದರು.

ಶಬಾನಾಗೆ ಮನೆಯಲ್ಲಿ ದಖ್ಖನಿ ಉರ್ದು, ಶಾಲೆಯಲ್ಲಿ ಮೌನ. "ಈ ವರ್ಷನೂ ಬಾಯಿ ಬಿಡಲಿಲ್ಲಂದ್ರ ಸಾಲಿ ಬಿಡಸ್ತೀನ್ರಿ ಸರ್" ಎಂದು ಅವಳ ಅಪ್ಪ ಹೇಳಿ ಹೋಗಿದ್ದ. ನನಗೆ ಆ ಚಿಂತೆ. ಅದರ ಮೇಲೆ ಈ ಹೆಡ್ ಮಾಸ್ತರರ ಕಾಟ!

ಸುಮ್ಮನೆ ಕೂತರೆ ನಾನೇಕೆ ಗೊಣಗಲಿ? ಬೆವರು ಸುರಿಸಿ ಭಿನ್ನರಾಶಿ ಮುಗಿಸಿ "ತಿಳೀತೇನ್ರೋ?" ಎಂದರೆ ಮಕ್ಕಳೆಲ್ಲ "ಹೌದ್ರಿ ಸರ್" ಎಂದು ರಾಗ ಎಳೆಯುತ್ತಿದ್ದರು. ಆಗ ಹಿಂದಿನಿಂದ ಒಂದು ನರೆಗೂದಲ ಕೈ ಏಳುತ್ತಿತ್ತು.

"ಸರ್, ನನಗ ತಿಳೀಲಿಲ್ರಿ. ಅರ್ಧಕ್ಕ ಕಾಲು ಕೂಡಿಸಿದ್ರ, ಮ್ಯಾಲ ಎರಡು, ಕೆಳಗ ಆರು, ಹಂಗ್ಯಾಕ ಬರೀಬಾರದ್ರಿ?"

ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ನಾನು ಹಲ್ಲು ಕಚ್ಚಿ ಬೋರ್ಡಿನ ಮೇಲೆ ರೊಟ್ಟಿಯ ಚಿತ್ರ ಬರೆದು, ಅದನ್ನು ಅರ್ಧ, ಕಾಲು ಎಂದು ಭಾಗ ಮಾಡಿ ಮತ್ತೆ ಮೊದಲಿನಿಂದ ಹೇಳಬೇಕು.

ಒಮ್ಮೆ ಮೇಲಧಿಕಾರಿಗಳು ಬಂದು ಹೆಡ್ ಮಾಸ್ತರು ಎಲ್ಲಿ ಎಂದು ಕೇಳಿದಾಗ ಇಡೀ ತರಗತಿ ಹಿಂದಕ್ಕೆ ಬೆರಳು ತೋರಿಸಿತು.

"ಅಲ್ರಿ, ಗಣಿತದಾಗ ಎಂ.ಎಸ್ಸಿ. ಮಾಡಿದವ್ರು ನೀವು. ಇಲ್ಲೇನ್ ಮಾಡಾಕತ್ತೀರಿ?"

"ಭಿನ್ನರಾಶಿ ಕಲಿಯಾಕತ್ತೇನ್ರಿ. ಸ್ವಲ್ಪ ಬಾಜೂಕ ಸರೀರಿ, ಬೋರ್ಡ್ ಕಾಣವಲ್ದು."

ಎಂ.ಎಸ್ಸಿ. ಓದಿದವರಿಗೇ ತಿಳಿಯದ ಹಾಗೆ ಪಾಠ ಮಾಡುವವನು ಎಂದು ನನ್ನ ಮಾನ ಹರಾಜಾಯಿತು. ಅಧಿಕಾರಿಗಳು ಹೋದ ಮೇಲೆ ತಡೆಯಲಾಗಲಿಲ್ಲ.

"ಸರ್, ಮಾತಾಡಬೇಕಾದಾಕಿ ಶಬಾನಾ. ನೀವು ಬಾಯಿ ಮುಚ್ಚಿದ್ರ ಆಕಿ ತೆರದಾಳು" ಎಂದೆ.

"ಮದ್ಲು ಒಬ್ರು ದಡ್ಡರಾಗಬೇಕಲ್ರಿ" ಎಂದು ಅವರು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡರು. ಇಂಥವರ ಹತ್ತಿರ ಏನು ವಾದ ಮಾಡುವುದು?

ಕೊನೆಗೂ ಅವರು ನಿವೃತ್ತರಾದರು. ಹಾರ ಹಾಕಿ ಕಳಿಸಿ, ಇನ್ನಾದರೂ ನೆಮ್ಮದಿ ಎಂದುಕೊಂಡೆ. ಮರುದಿನ ಪಾಠ ಮುಗಿಸಿ "ತಿಳೀತೇನ್ರೋ?" ಎಂದೆ. "ಹೌದ್ರಿ ಸರ್." ರೂಢಿ ನೋಡಿ, ಕಣ್ಣು ತಾನಾಗಿ ಕೊನೆಯ ಬೆಂಚಿಗೆ ಹೋಯಿತು. ಅಲ್ಲಿ ಹಸಿರು ಬಳೆಯ ಒಂದು ಕೈ ಅರ್ಧ ಎದ್ದು, ಇಳಿದು, ಮತ್ತೆ ಎದ್ದಿತು.

"ಸರ್, ನನಗ ತಿಳೀಲಿಲ್ರಿ" ಎಂದಳು ಶಬಾನಾ.

ಯಾರೂ ನಗಲಿಲ್ಲ. ನಾನು ಬೋರ್ಡಿನ ಕಡೆ ತಿರುಗಿ ರೊಟ್ಟಿ ಬರೆದೆ. ಕಣ್ಣು ತುಂಬಿದ್ದರಿಂದ ಅದು ಸೊಟ್ಟಗಾಯಿತು.