ಎಂಜಿನ್ ಎಣ್ಣೆಗೆ ಬೆರೆಸಿದ ಬಣ್ಣ ಹಾಗೂ ಚಾಲಕರ ಒರೆಸುಬಟ್ಟೆ

ವಾಹನ ಶಾಖೆ, ಕೇಂದ್ರ ಕಚೇರಿ
ಸುತ್ತೋಲೆ ಸಂಖ್ಯೆ: ವಾಶಾ/ಸೋರಿಕೆ/ಬಣ್ಣ/17 (ನಾಲ್ಕನೆಯ ತಿದ್ದುಪಡಿ)

ವಿಷಯ: ಬಿಳಿ ಕಾರಿನ ಎಂಜಿನ್ ಎಣ್ಣೆಗೆ ಹೊಳೆಯುವ ಬಣ್ಣ ಬೆರೆಸಿ ಸೋರಿಕೆ ಪತ್ತೆ ಹಚ್ಚಿದ ಬಗ್ಗೆ, ಹಾಗೂ ತತ್ಪರಿಣಾಮವಾಗಿ ಸ್ವಚ್ಛತೆಯನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ:
1) ಚಾಲಕರ ಮೇಲೆ ಎಣ್ಣೆ ಕಳವಿನ ಶಂಕೆ ವ್ಯಕ್ತಪಡಿಸಿ ಸೂಚನಾ ಫಲಕಕ್ಕೆ ಅಂಟಿಸಿದ ನೋಟಿಸು.
2) ಈ ಶಂಕೆಯ ಪರಿಶೀಲನೆಗೆ ನೇಮಿಸಿದ ತ್ರಿಸದಸ್ಯ ಸಮಿತಿಯ ಮೂರು ವರದಿಗಳು (ಮೂರರ ಒಕ್ಕಣೆಯೂ ಒಂದೇ).
3) ಚಾಲಕರ ಪತ್ನಿಯವರ ಹೇಳಿಕೆ (ನಿಂತುಕೊಂಡೇ ನೀಡಿದ್ದು, ಕುರ್ಚಿ ನಿರಾಕರಿಸಿರುತ್ತಾರೆ).

ಪ್ರಸ್ತಾವನೆ:

ಶಾಖೆಯ ಬಿಳಿ ಕಾರಿನ ಎಂಜಿನ್ ಎಣ್ಣೆ ವಾರಕ್ಕೆ ಅರ್ಧ ಲೀಟರಿನಂತೆ ಕಡಿಮೆಯಾಗುತ್ತಿದ್ದು, ಎಂಜಿನ್ನಿನ ಮೇಲಾಗಲಿ ಶೆಡ್ಡಿನ ನೆಲದ ಮೇಲಾಗಲಿ ಒಂದು ಹನಿಯೂ ಕಂಡುಬಂದಿರುವುದಿಲ್ಲ. ಸೋರದೆ ಹೋದ ಎಣ್ಣೆ ಯಾರದೋ ಮನೆಗೇ ಹೋಗಿರಬೇಕೆಂದು ತರ್ಕಿಸಿ, ಹತ್ತೊಂಬತ್ತು ವರ್ಷ ಅದೇ ಕಾರನ್ನು ಓಡಿಸಿದ ಚಾಲಕರನ್ನು ಚಾಲನೆಯಿಂದ ಬಿಡಿಸಿ ಮೆಟ್ಟಿಲ ಕೆಳಗಿನ ಸ್ಟೂಲಿನ ಮೇಲೆ ಕೂರಿಸಲಾಯಿತು. ತಿಂಗಳೊಳಗೆ ಸೋರಿಕೆ ಸಾಬೀತಾಗದಿದ್ದಲ್ಲಿ ಕೆಲಸದಿಂದಲೇ ತೆಗೆಯತಕ್ಕದ್ದೆಂದು ತೀರ್ಮಾನಿಸಲಾಯಿತು. ಚಾಲಕರನ್ನು ಯಾರೂ ಏನೂ ಕೇಳಿರುವುದಿಲ್ಲ.

ಎಣ್ಣೆಗೆ ಬಣ್ಣ ಬೆರೆಸಿ, ನಾಲ್ಕು ದಿನ ಕಾರು ಓಡಿಸಿ, ಕತ್ತಲಲ್ಲಿ ನೇರಳೆ ದೀಪ ಹಿಡಿದು ಹಳದಿ ಕನ್ನಡಕದಲ್ಲಿ ನೋಡಿದರೆ ಸೋರುವ ಜಾಗ ಹಸಿರಾಗಿ ಹೊಳೆಯುತ್ತದೆಂದು ಶಾಖೆಯ ಮೆಕ್ಯಾನಿಕ್ ತಿಳಿಸಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಸಮಿತಿಯ ಆಕ್ಷೇಪಣೆಯನ್ನು ಕಡತದಲ್ಲಿ ನಮೂದಿಸಿಕೊಂಡು ಅನುಮತಿ ನೀಡಲಾಯಿತು. ಆ ಮೇಲೆ ನಡೆದುದನ್ನು ಪರಿಶೀಲಿಸಿ, ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

1. ನೇರಳೆ ದೀಪವನ್ನು ಬಿಸಿಲಿನಲ್ಲಿ ಹಚ್ಚತಕ್ಕದ್ದಲ್ಲ. ಸಮಿತಿಯು ನಡುಮಧ್ಯಾಹ್ನ ಅಂಗಳದಲ್ಲಿ ದೀಪ ಹಚ್ಚಿ 'ಸೋರಿಕೆ ಇಲ್ಲ, ಸೆಕೆ ಇದೆ' ಎಂದು ನೀಡಿದ ವರದಿಯನ್ನು ಹಿಂಪಡೆಯಲಾಗಿದೆ. ಸೆಕೆಗೆ ಸಂಬಂಧಿಸಿದ ಭಾಗ ಊರ್ಜಿತದಲ್ಲಿರುತ್ತದೆ.

2. ಹಳದಿ ಕನ್ನಡಕ ಒಂದೇ ಇರುವುದರಿಂದ ಹುದ್ದೆಯ ಹಿರಿತನದಂತೆ ಧರಿಸತಕ್ಕದ್ದು. ಕೆಳಗಿನವರು ಮೇಲಿನವರಿಗೆ ಕಂಡದ್ದಕ್ಕಿಂತ ಹೆಚ್ಚು ಕಾಣುವಂತಿಲ್ಲ. ಹೆಚ್ಚು ಕಂಡಲ್ಲಿ ಲಿಖಿತ ವಿವರಣೆ ನೀಡತಕ್ಕದ್ದು.

3. 'ಬಣ್ಣ ಬೆರೆಸಿದ ಮೇಲೆ ಎಣ್ಣೆ ಅಳೆಯುವ ಕಡ್ಡಿಯನ್ನು ಖುದ್ದು ಎಳೆದು, ಬೆರಳಿನಿಂದ ಒರೆಸಿ ಪರಿಶೀಲಿಸಿದೆ' ಎಂದು ಮೂವರು ಸದಸ್ಯರೂ ಸಹಿ ಮಾಡಿರುತ್ತಾರೆ. ಅಂಗೈ ತಪಾಸಣೆ ಎಂದು ಮೆಕ್ಯಾನಿಕ್ ಅಂದೊಡನೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮೂವರೂ ಕೈಯನ್ನು ಜೇಬಿಗೆ ಇಳಿಸಿರುತ್ತಾರೆ. ಹೊರತೆಗೆಸಿದ ಆರು ಅಂಗೈಗಳ ಪೈಕಿ ಒಂದೂ ಹೊಳೆದಿರುವುದಿಲ್ಲ. ಇವುಗಳನ್ನು ಶಾಖೆಯ ಅತ್ಯಂತ ನಿರ್ಮಲ ಕೈಗಳೆಂದು ದಾಖಲಿಸಿ, ಪರಿಶೀಲನಾ ಕಾರ್ಯದಿಂದ ಬಿಡುಗಡೆಗೊಳಿಸಲಾಗಿದೆ.

4. ಚಾಲಕರ ಎರಡೂ ಕೈಗಳು ಮೊಣಕೈವರೆಗೆ ಹೊಳೆದವು. ಕಳವು ಸಾಬೀತಾಯಿತೆಂದು ಸಮಿತಿಯು ತನ್ನನ್ನೇ ಅಭಿನಂದಿಸಿಕೊಂಡ ನಿರ್ಣಯವನ್ನು ರದ್ದುಪಡಿಸಲಾಗಿದೆ. ಆ ಸಂದರ್ಭದಲ್ಲಿ ಕುಡಿದ ಚಹಾವನ್ನು ಹಿಂಪಡೆಯಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

5. ಮರುದಿನ ಚಾಲಕರ ಪತ್ನಿ ಬಟ್ಟೆಯ ಗಂಟೊಂದನ್ನು ತಂದು ಶೆಡ್ಡಿನ ಬೆಂಚಿನ ಮೇಲೆ ಬಿಚ್ಚಿದರು. ನಿಗದಿತ ನಮೂನೆಯಲ್ಲಿ ಬರೆಯಲು ಕೋರಿದಾಗ ಅವರು ಹೇಳಿದ್ದು ಯಥಾವತ್ತು: "ಈ ಎಣ್ಣೆಬಟ್ಟೆ ದಿನಾ ಒಗೆಯೋಳು ನಾನು. ಕದ್ದಿದ್ರೆ ಮನೆಗೆ ಡಬ್ಬ ಬರ್ತಿತ್ತು, ಬಟ್ಟೆ ಯಾಕೆ ಬರ್ತಿತ್ತು?" ಬಾಗಿಲು ಮುಚ್ಚಿ ದೀಪ ಹಿಡಿಯಲಾಗಿ, ಬಟ್ಟೆಗಳೂ ಅವರ ಮುಂಗೈಗಳೂ ಒಂದೇ ಹಸಿರಿನಲ್ಲಿ ಹೊಳೆದವು. ಈ ಪ್ರಶ್ನೆಗೆ ಉತ್ತರಿಸಲು ಉಪಸಮಿತಿ ರಚಿಸಲಾಗಿದ್ದು, ಅದು ಇನ್ನೂ ತಲೆ ಕೆರೆದುಕೊಳ್ಳುತ್ತಿದೆ.

6. ಚಾಲಕರು ಪ್ರತಿದಿನ ಕಚೇರಿ ತೆರೆಯುವ ಮೊದಲೇ ಬಂದು ಎಂಜಿನ್ನನ್ನೂ ನೆಲವನ್ನೂ ಒರೆಸುತ್ತಿದ್ದರೆಂದು ಇದರಿಂದ ತಿಳಿದುಬಂದಿದೆ. ನಾಲ್ಕು ಜನರ ಮುಂದೆ ಕಾರು ಕೊಳಕು ಮುಖ ಹೊತ್ತು ನಿಲ್ಲಬಾರದೆಂಬುದು ಅವರ ಅಭಿಪ್ರಾಯ. ತಾವು ಕದ್ದಿಲ್ಲವೆಂಬುದಕ್ಕೆ ಇದ್ದ ಒಂದೇ ಸಾಕ್ಷಿಯನ್ನು ಅವರೇ ದಿನಾ ಒರೆಸಿ ಹಾಕುತ್ತಿದ್ದರು. ಶಾಖೆಯು ಅವರಿಗೆ ಓಡಿಸುವುದನ್ನು ನಿಷೇಧಿಸಿತ್ತೇ ಹೊರತು ಒರೆಸುವುದನ್ನು ನಿಷೇಧಿಸಲು ಮರೆತಿತ್ತು.

7. ಸದರಿ ಲೋಪವನ್ನು ಸರಿಪಡಿಸಿ ಮೂರು ದಿನ ಒರೆಸದಂತೆ ಆದೇಶಿಸಲಾಯಿತು. ಆ ಅವಧಿಯಲ್ಲಿ ಚಾಲಕರು ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕುಳಿತಿದ್ದರು. ಎರಡನೆಯ ದಿನ ಏಳು ಬಾರಿ ಶೆಡ್ಡಿನ ಬಾಗಿಲವರೆಗೆ ಹೋಗಿ ಹಿಂದಿರುಗಿದ್ದನ್ನು ಗಸ್ತು ಎಂದು ಪರಿಗಣಿಸಲಾಗಿದೆ. ಮೂರನೆಯ ದಿನ ಎಂಜಿನ್ ಮುಚ್ಚಳದ ಸಂದು ಮುಚ್ಚುವ ಗ್ಯಾಸ್ಕೆಟ್ಟಿನಿಂದ ಕೆಳಗಿನವರೆಗೆ ಹಸಿರು ಗೆರೆ ಹೊಳೆಯಿತು. ಕನ್ನಡಕ ಧರಿಸಿದ ಎಲ್ಲರಿಗೂ, ಹಿರಿತನದ ಭೇದವಿಲ್ಲದೆ, ಕಂಡಿತು.

8. ಆದ್ದರಿಂದ ಇನ್ನು ಮುಂದೆ ಸ್ವಚ್ಛವಾಗಿ ಕಂಡುಬರುವ ಎಂಜಿನ್, ಮೇಜು, ಕಡತ ಹಾಗೂ ನೌಕರರನ್ನು ಶಂಕಾಸ್ಪದವೆಂದು ಭಾವಿಸತಕ್ಕದ್ದು. ಪ್ರತಿಯೊಬ್ಬರೂ ವಾರದಲ್ಲಿ ಮೂರು ದಿನ ತಮ್ಮ ಕೊಳೆಯನ್ನು ಪರಿಶೀಲನೆಗೆ ಲಭ್ಯವಾಗುವಂತೆ ಇರಿಸಿಕೊಳ್ಳತಕ್ಕದ್ದು.

9. ಸೋರಿಕೆಗಳು ಇನ್ನು ಮುಂದೆ ಕಚೇರಿ ವೇಳೆಯಲ್ಲಿ, ಬರಿಗಣ್ಣಿಗೆ ಕಾಣುವಂತೆ, ಬಣ್ಣದ ನೆರವಿಲ್ಲದೆ ಆಗತಕ್ಕದ್ದು. ಗುಟ್ಟಾಗಿ ಸೋರುವ ಎಂಜಿನ್ನಿಗೆ ಸ್ಟೂಲು ನೀಡಲಾಗುವುದು.

10. ಚಾಲಕರು ಎಣ್ಣೆ ಕದ್ದಿರುವುದಿಲ್ಲ. ಅವರು ಇಂದಿನಿಂದಲೇ ಕಾರು ಓಡಿಸತಕ್ಕದ್ದು. ಒರೆಸಲೂಬಹುದು, ಖಂಡಿಕೆ 8 ಅವರಿಗೆ ಅನ್ವಯಿಸದು. ಫಲಕದ ಮೇಲಿನ ನೋಟಿಸು ಅಂಟು ಬಿಡದ ಕಾರಣ ಫಲಕವನ್ನೇ ಕೆಳಗಿಳಿಸಲಾಗಿದೆ. ಶಾಖೆಗೆ ನಾಚಿಕೆಯಾಗಿದ್ದು, ಅದನ್ನು ಆವಕ ಪುಸ್ತಕದಲ್ಲಿ ನಮೂದಿಸಿಕೊಳ್ಳಲಾಗಿದೆ. ಕ್ಷಮೆ ಕೇಳುವ ನಮೂನೆ ಮುದ್ರಣವಾಗಿ ಬಂದಿಲ್ಲವಾದ್ದರಿಂದ ಸದ್ಯಕ್ಕೆ ಜಾಗ ಬಿಡಲಾಗಿದೆ: ______________

ಸಹಿ/-
ಮುಖ್ಯಸ್ಥರು, ವಾಹನ ಶಾಖೆ
(ಅಂಗೈ: ಹೊಳೆದಿರುವುದಿಲ್ಲ)

ಪ್ರತಿಗಳು:
1. ಸಮಿತಿಯ ಮೂವರು ಸದಸ್ಯರಿಗೆ, ಜೇಬಿನಿಂದ ಕೈ ತೆಗೆದು ಸ್ವೀಕರಿಸಲು.
2. ಮೆಕ್ಯಾನಿಕ್ ಅವರಿಗೆ, ಹೊಸ ಗ್ಯಾಸ್ಕೆಟ್ ಸಹಿತ.
3. ಚಾಲಕರಿಗೆ, ಈ ಪ್ರತಿಯಿಂದ ಎಂಜಿನ್ ಒರೆಸಬಾರದೆಂಬ ಕೋರಿಕೆಯೊಂದಿಗೆ.
4. ಕಚೇರಿ ಪ್ರತಿ, ಕೊಳೆಯಾಗಲು ಬಿಡುವುದು.
5. ಚಾಲಕರ ಪತ್ನಿಯವರಿಗೆ. ಹಿಂದಿನ ನೋಟಿಸಿನ ಪ್ರತಿ ಇವರ ಮನೆಗೆ ಬಾಯಿ ಅಂಟಿಸದ ಲಕೋಟೆಯಲ್ಲಿ ಹೋಗಿ ಬೀದಿಯವರೆಲ್ಲ ಓದಿದ್ದರಿಂದ, ಇದನ್ನೂ ಅಂಟಿಸದೆಯೇ ಕಳುಹಿಸಲಾಗಿದೆ.