ಶೀಸೆಯೊಳಗಿನ ಕೆಂಪು

ಎಲ್ಲ ರಾದ್ಧಾಂತಕ್ಕೂ ಮೂಲ, ಬಸವಾಪಟ್ಟಣದ ಓಂಕಾರನ ಮನೆಯ ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಕೂತಿದ್ದ ಒಂದು ಶೀಸೆ. ಯಾವುದೋ ಹೂವಿನ ಬಣ್ಣದ ಗುಣವನ್ನು ಯೀಸ್ಟಿನೊಳಗೆ ಸೇರಿಸಿ, ಬೆಲ್ಲದ ನೀರು ಕುಡಿಸಿದರೆ ಅದು ಕೆಂಪು ಕಕ್ಕುವಂತೆ ಮಾಡಿದ್ದ ಮಹಾನುಭಾವ ಅವನು. ಇದನ್ನು ನಂಬಿ ಕಾಲೇಜಿನ ಕೆಲಸಕ್ಕೂ ರಾಜೀನಾಮೆ ಬಿಸಾಕಿದ್ದ. ಕರೆಂಟು ಕೈಕೊಟ್ಟು ಮಿಕ್ಕ ಯೀಸ್ಟೆಲ್ಲ ಸತ್ತು, ಬದುಕಿದ್ದು ಇದೊಂದೇ ಶೀಸೆ.

“ಇವತ್ತು ಪಂಚಾಕ್ಷರಪ್ಪ ಒಪ್ಪಿದ್ರೆ ಚೊಗರಿನ ಕಾಲ ಮುಗೀತು ಅಂತ ತಿಳ್ಕೊ ಅವ್ವ!”

ಚೊಗರೆಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸ. ಅದನ್ನು ಹಚ್ಚದೆ ಆ ಸೀಮೆಯ ಅಡಿಕೆಗೆ ಬಣ್ಣವೂ ಇಲ್ಲ, ಮರ್ಯಾದೆಯೂ ಇಲ್ಲ. ಅವ್ವ ಪ್ರೇಮಮ್ಮ ಯಾಕೋ ಮುಖ ತಿರುಗಿಸಿ ಒಲೆ ಊದತೊಡಗಿದಳು. ಪಕ್ಕದ ಮನೆಯ ಕಸ್ತೂರಮ್ಮ ಕಾಂಪೌಂಡಿನ ಮೇಲೆ ಕತ್ತು ಚಾಚಿದಳು.

“ಹುಳ ಕಕ್ಕಿದ್ದನ್ನ ಜನ ಬಾಯಿಗೆ ಹಾಕ್ಕಂತಾರೇನೋ?”

“ನಿಮ್ಮ ದೋಸೆಹಿಟ್ಟು ಉಬ್ಬೋದೂ ಹುಳದಿಂದಾನೇ, ಕಸ್ತೂರಕ್ಕ.”

“ಶಿವ ಶಿವಾ! ನಮ್ಮನೆ ಹಿಟ್ಟಲ್ಲಿ ಹುಳ ಇಲ್ಲಪ್ಪ!”

ಅಡಿಕೆ ವ್ಯಾಪಾರಿ ಪಂಚಾಕ್ಷರಪ್ಪನವರ ಅಂಗಳದಲ್ಲಿ ಅರ್ಧ ಊರೇ ನೆರೆದಿತ್ತು. ಯಜಮಾನರು ಶೀಸೆ ಮೂಸಿದರು.

“ಹುಳಿ ವಾಸ್ನೆ ಬರ್ತೈತೆ ಅಂದಿದ್ಯಲ್ಲಪ್ಪ, ಎಲ್ಲೈತೆ?”

ಓಂಕಾರನಿಗೂ ಆಶ್ಚರ್ಯವೇ. ಆದರೂ ಹಲ್ಲು ಕಿರಿದು, “ಅದನ್ನ ತೆಗ್ಯಾಕೇ ರೀ ನಾನು ಇಷ್ಟು ಒದ್ದಾಡಿದ್ದು!” ಎಂದುಬಿಟ್ಟ.

ಬಿಳಿಚಿದ ಅಡಿಕೆ ಅದ್ದಿದ್ದೇ ತಡ, ಮದುಮಗಳ ಹಾಗೆ ಕೆಂಪಾಯಿತು. ಪಂಚಾಕ್ಷರಪ್ಪ ಒಂದು ಹೋಳು ಅಗಿದು ಕಣ್ಣರಳಿಸಿದರು. “ಭಲೇ! ಚೊಗರಿಗೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ. ನಾಳೆ ಬೆಳಗ್ಗೆ ಹತ್ತು ಡ್ರಮ್ ಕಳಿಸು!”

ಹಾರ ಹಾಕಿಸಿಕೊಂಡೇ ಓಂಕಾರ ಮನೆಗೆ ಓಡಿದ. “ಗೆದ್ದೆ ಅವ್ವ!”

ಪ್ರೇಮಮ್ಮ ಗೊಳೋ ಎಂದಳು. “ಬೈಬ್ಯಾಡಪ್ಪ. ಹಳಸಿದ ಹಿಟ್ಟು ನಾತ ಹೊಡೀತೈತೆ ಅಂತ ನಿನ್ನೆ ಆ ಶೀಸೇನ ಚರಂಡಿಗೆ ಸುರಿದು ತೊಳೆದಿಟ್ಟೆ. ಆಮೇಲೆ ನಿನ್ನ ಕುಣಿತ ನೋಡಿ ಹೇಳಾಕೆ ಬಾಯಿ ಬರಲಿಲ್ಲ. ಪಂಚಾಕ್ಷರಪ್ಪನೋರ ಅಂಗಳದಿಂದ ಒಂದು ಚೊಂಬು ಚೊಗರು ತಂದು ತುಂಬಿದೆ.”

ಓಂಕಾರ ಓಡಿ ಫ್ರಿಜ್ಜು ತೆಗೆದು ನೋಡಿದ, ದೋಸೆಹಿಟ್ಟೊಂದೇ ಕೂತಿತ್ತು. ಹಾರ ಕತ್ತು ಚುಚ್ಚುತ್ತಿತ್ತು. ಸ್ವಲ್ಪ ಹೊತ್ತಿಗೆ ಬುದ್ಧಿ ಓಡಿತು. ಹೋಗಲಿ, ಅವರ ಚೊಗರನ್ನೇ ಕದ್ದುಮುಚ್ಚಿ ಕೊಂಡು ಅವರಿಗೇ ಕಳಿಸಿದರಾಯಿತು!

ಅಷ್ಟರಲ್ಲಿ ಫೋನು. ಪಂಚಾಕ್ಷರಪ್ಪನವರೇ.

“ಓಂಕಾರಪ್ಪ, ಇನ್ಮೇಲೆ ಚೊಗರಿನ ಹಂಗು ಯಾಕೆ ಅಂತ ನಮ್ಮಲ್ಲಿದ್ದದ್ದನ್ನೆಲ್ಲ ಚರಂಡಿಗೆ ಸುರಿಸಿಬಿಟ್ಟೆ ಕಣಪ್ಪ. ಬೆಳಗ್ಗೆ ಚನ್ನಗಿರಿ ಮಂಡಿಯೋರೆಲ್ಲ ನೋಡಾಕೆ ಬರ್ತಾರೆ. ನಮ್ಮ ಮಾನ ನಿನ್ನ ಕೈಲೈತೆ!”

ಕಾಂಪೌಂಡಿನ ಮೇಲೆ ಕಸ್ತೂರಮ್ಮನ ಕತ್ತು ಮತ್ತೆ ಮೂಡಿತು.

“ಏನೋ ಓಂಕಾರ, ನಮ್ಮ ಬೀದಿ ಚರಂಡಿ ಹಿಂಗೆ ಕೆಂಪಗೆ ಹರೀತೈತೆ! ಭಾರಿ ಕಕ್ಕೈತಲ್ಲೋ ನಿನ್ನ ಹುಳ!”